ಪಟ್ಟಿಯೊಳಗಿನ ಸಂಸಾರ

ನಿವೃತ್ತನಾದ ಸರ್ಕಾರಿ ನೌಕರನಿಗೆ ವರ್ಷದಲ್ಲಿ ಎರಡು ಸಲ ಹೊಸ ಜೀವ ಬರುತ್ತದೆ: ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ. ತುಟ್ಟಿಭತ್ಯೆ ಎಷ್ಟು ಪರ್ಸೆಂಟ್ ಏರಿತು, ಕೇಂದ್ರದವರಿಗೆ ಆಯಿತಂತೆ ನಮಗೆ ಯಾವಾಗ, ಆದೇಶಕ್ಕೆ ಸಹಿ ಬಿತ್ತೇ, ಅರಿಯರ್ಸ್ ಯಾವ ತಿಂಗಳಿಂದ? ಈ ಚರ್ಚೆ ಶುರುವಾಯಿತೆಂದರೆ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನಲ್ಲಿ ಕೂತ ನಮ್ಮ ಗುಂಪಿನಲ್ಲಿ ಮಂಡಿನೋವು ಯಾರಿಗೂ ನೆನಪಾಗುವುದಿಲ್ಲ. ಸಕ್ಕರೆ ಕಾಯಿಲೆಯವರೂ ಅವತ್ತು ಒಂದು ಮೈಸೂರುಪಾಕು ಬಾಯಿಗೆ ಹಾಕಿಕೊಳ್ಳುತ್ತಾರೆ.

ನಾನು ವಿದ್ಯುತ್ ಮಂಡಳಿಯ ರೆವಿನ್ಯೂ ಶಾಖೆಯಲ್ಲಿ ಲೆಡ್ಜರ್ ಬರೆದು ಕೂದಲು ಬೆಳ್ಳಗಾಗಿಸಿಕೊಂಡವನು. ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ನಿಗಮ ಎಸ್ಕಾಂಗಳನ್ನು ಹೆತ್ತಿತು. ಆದರೆ ನಮ್ಮ ಬೀದಿಯವರ ಪಾಲಿಗೆ ನಾನು ಇವತ್ತಿಗೂ ಕೆಇಬಿಯವರು. ಕರೆಂಟು ಹೋದರೆ ಬಂದು ಬಾಗಿಲು ತಟ್ಟುತ್ತಾರೆ. 'ನಾನು ರಿಟೈರಾಗಿ ಎಷ್ಟೋ ವರ್ಷವಾಯಿತು' ಎಂದರೆ, 'ಪರವಾಗಿಲ್ಲ ಸರ್, ಒಂದು ಫೋನ್ ಮಾಡಿ' ಎನ್ನುತ್ತಾರೆ. ಇಂಥ ಮನುಷ್ಯನನ್ನು ಅಮೆರಿಕಕ್ಕೆ ಕರೆಸಿಕೊಂಡರೆ ಅವನು ನಯಾಗರವನ್ನೇನೋ ನೋಡುತ್ತಾನೆ. ಆದರೆ ಕಣ್ಣು ತಾನಾಗಿ ಹೋಗುವುದು ಮನೆ ಗೋಡೆಗೆ ಹಚ್ಚಿದ ಮೀಟರಿನ ಕಡೆಗೆ.

ನನ್ನನ್ನು ಕರೆಸಿಕೊಂಡದ್ದು ಅಕ್ಕನ ಮಗಳು. ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಪಟ್ಟಣದಲ್ಲಿದ್ದಾಳೆ. ಅಲ್ಲಿನ ಕನ್ನಡದ ಮಕ್ಕಳೆಲ್ಲ ಕಂಪ್ಯೂಟರ್ ಮುಂದೆ ಕೂತರೆ ಇವಳು ಮಾತ್ರ ಬಡವರಿಗೆ ಮನೆ ಒದಗಿಸುವ ಸ್ಥಳೀಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯವರು ಅದನ್ನು ಹೌಸಿಂಗ್ ಅಥಾರಿಟಿ ಎನ್ನುತ್ತಾರೆ. ಮದುವೆಮನೆಗಳಲ್ಲಿ ಮಗಳ ಕೆಲಸ ಏನೆಂದು ಯಾರಾದರೂ ವಿಚಾರಿಸಿದರೆ ಅಕ್ಕ 'ಅಮೆರಿಕದಲ್ಲಿ ಗೌರ್ಮೆಂಟ್ ಕೆಲಸ' ಎಂದು ಹೇಳಿ ಪಲ್ಯ ಬಡಿಸಲು ಎದ್ದುಬಿಡುತ್ತಾಳೆ. ನನಗೋ ಅದು ಹೆಮ್ಮೆಯ ವಿಷಯ. ನಮ್ಮ ಮನೆತನದ ಲೆಡ್ಜರು ಸಮುದ್ರ ದಾಟಿಯೂ ಕೈಬಿಟ್ಟಿಲ್ಲವಲ್ಲ!

ಒಂದು ಸಂಜೆ ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲಿಟ್ಟಳು. 'ಮಾಮ, ಇದು ನಿಮ್ಮ ಲೈನಿನದು. ನೋಡಿ.'

ಕನ್ನಡಕ ಏರಿಸಿದೆ. ಅಲ್ಲಿನ ಕೇಂದ್ರ ವಸತಿ ಇಲಾಖೆಯ 52667ನೇ ನಮೂನೆ. ನಮ್ಮಲ್ಲಿ ನಮೂನೆಗಳು ಹತ್ತು, ಇಪ್ಪತ್ತರ ಆಸುಪಾಸಿನಲ್ಲಿ ಸುತ್ತುತ್ತವೆ. ಐವತ್ತೆರಡು ಸಾವಿರ ದಾಟಿದ ನಮೂನೆಯನ್ನು ಕಂಡು ಮೊದಲು ಕೈಮುಗಿಯಬೇಕೆನ್ನಿಸಿತು. ಮೇಲ್ಗಡೆ ಮನೆಯ ಜಾತಿ: ಅಪಾರ್ಟ್‌ಮೆಂಟೋ, ಸಾಲುಮನೆಯೋ, ಒಂಟಿಮನೆಯೋ, ಚಕ್ರದ ಮೇಲೆ ಬಂದು ನೆಲೆ ನಿಂತ ಮೊಬೈಲ್ ಹೋಮೋ. ಅಡ್ಡಕ್ಕೆ ಮಲಗುವ ಕೋಣೆಗಳ ಲೆಕ್ಕ, ಸೊನ್ನೆಯಿಂದ ಶುರು. ಸೊನ್ನೆ ಕೋಣೆ ಎಂದರೆ ಬಯಲಲ್ಲ, ಮಲಗುವುದೂ ಬೇಯಿಸುವುದೂ ಒಂದೇ ಕಡೆ ಇರುವ ಒಂಟಿಕೋಣೆ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ವಠಾರದಲ್ಲಿ ವರ್ಷಗಟ್ಟಲೆ ಇದ್ದದ್ದು ಅಂಥದರಲ್ಲೇ. ಉದ್ದಕ್ಕೆ ಖರ್ಚಿನ ಬಾಬ್ತುಗಳು: ಮನೆ ಬಿಸಿ ಮಾಡಲು ಇಷ್ಟು, ಅಡುಗೆಗೆ ಇಷ್ಟು, ಸ್ನಾನದ ನೀರಿಗೆ ಇಷ್ಟು, ದೀಪ ಮಿಕ್ಸಿಗಳಿಗೆ ಇಷ್ಟು, ನಲ್ಲಿ ನೀರು, ಒಳಚರಂಡಿ, ಕಸ. ಬಿಸಿ ಮಾಡುವುದರಲ್ಲೇ ಮತ್ತೆ ಪಂಗಡಗಳು, ಗ್ಯಾಸಿನದು ಬೇರೆ, ಸಿಲಿಂಡರಿನದು ಬೇರೆ, ಕರೆಂಟಿನದು ಬೇರೆ, ಎಣ್ಣೆಯದು ಬೇರೆ. ಕೊನೆಯಲ್ಲಿ ಫ್ರಿಜ್ಜಿಗೂ ಒಲೆಗೂ ಒಂದೊಂದು ಸಾಲು. ಅವನ್ನು ಬಾಡಿಗೆದಾರನೇ ತಂದಿಟ್ಟುಕೊಂಡಿದ್ದರೆ ಅದಕ್ಕೂ ತಿಂಗಳಿಗೆ ಒಂದಿಷ್ಟು ಡಾಲರ್. ಫೋನಿಗೆ ಇಲ್ಲ, ಕೇಬಲ್ ಟೀವಿಗೂ ಇಲ್ಲ.

'ಇದು ಬಡ ಬಾಡಿಗೆದಾರರಿಗೆ ಕೊಡೋ ತುಟ್ಟಿಭತ್ಯೆ ಕಣಮ್ಮ' ಎಂದೆ.

'ಹತ್ತಿರ ಹತ್ತಿರ' ಎಂದಳು.

ಹೇಗೆಂದು ಹೇಳುತ್ತೇನೆ. ಅಮೆರಿಕದಲ್ಲಿ ಬಡ ಕುಟುಂಬಗಳಿಗೆ ಸೆಕ್ಷನ್ 8 ಎಂಬುದರ ಅಡಿ ಬಾಡಿಗೆಯ ವೋಚರ್ ಕೊಡುತ್ತಾರೆ. 1974ರ ಕಾಯ್ದೆಯಲ್ಲಿ ಹುಟ್ಟಿದ ಸೆಕ್ಷನ್ ಅದು. ವೋಚರ್ ಹಿಡಿದವರು ಖಾಸಗಿ ಓನರ್‌ನ ಮನೆ ಹುಡುಕಿಕೊಳ್ಳಬೇಕು, ಬಾಡಿಗೆಯ ಬಹುಪಾಲನ್ನು ಸರ್ಕಾರ ಕಟ್ಟುತ್ತದೆ. ಸುಮಾರು 23 ಲಕ್ಷ ಕುಟುಂಬಗಳು ಹೀಗೆ ಬದುಕುತ್ತಿವೆ. ಬಾಡಿಗೆದಾರ ತನ್ನ ಆದಾಯದಲ್ಲಿ, ಕಳೆಯಬೇಕಾದ್ದನ್ನು ಕಳೆದ ಮೇಲೆ, ನೂರಕ್ಕೆ 30ನ್ನು ಸೂರಿಗಾಗಿ ಕೊಡಬೇಕೆಂಬುದು ಸ್ಥೂಲ ನಿಯಮ. ಈ 'ಸೂರು' ಎನ್ನುವುದರಲ್ಲಿ ಕರೆಂಟು, ಗ್ಯಾಸು, ನೀರೂ ಸೇರಿವೆ. ಇರಲೇಬೇಕಲ್ಲ, ಬಾಸ್ಟನ್ನಿನ ಜನವರಿಯಲ್ಲಿ ಬಿಸಿಯಿಲ್ಲದ ಮನೆಗೆ ಮನೆಯೆಂದು ಹೆಸರಿಟ್ಟು ಪ್ರಯೋಜನವಿಲ್ಲ.

ಒಬ್ಬಾಕೆಗೆ ತಿಂಗಳಿಗೆ 1000 ಡಾಲರ್ ಲೆಕ್ಕದ ಆದಾಯ ಎಂದಿಟ್ಟುಕೊಳ್ಳಿ. ಅವಳ ಪಾಲು 300. ಓನರ್ ಕೇಳುವ ಬಾಡಿಗೆ 1400, ಪಟ್ಟಿಯ ಪ್ರಕಾರ ಕರೆಂಟು ಗ್ಯಾಸಿನ ಭತ್ಯೆ 200, ಕೂಡಿದರೆ 1600. ಈ ಮೊತ್ತ ಆ ಊರಿಗೆ ಗೊತ್ತುಮಾಡಿದ ಮಿತಿಯೊಳಗಿದ್ದರೆ ಸರ್ಕಾರ 1300 ಕಟ್ಟುತ್ತದೆ. ಆಕೆ ಓನರ್‌ಗೆ 100 ಕೊಟ್ಟು, ಉಳಿದ 200ರಲ್ಲಿ ಬಿಲ್ಲು ಕಟ್ಟಿಕೊಳ್ಳಬೇಕು. ಲೆಕ್ಕ ಸರಿಹೋಯಿತು. ಆದರೆ ಬಿಲ್ಲು 270 ಬಂದರೆ? ಆ 70 ಆಕೆಯದೇ. ಕಾಗದದಲ್ಲಿ ನೂರಕ್ಕೆ 30 ಇದ್ದದ್ದು ನಿಜದಲ್ಲಿ 37 ಆಗುತ್ತದೆ, ಕಾನೂನು ಮಾತ್ರ 30 ಎಂದೇ ಓದುತ್ತಿರುತ್ತದೆ. ಉಳಿಸಿ 150ರಲ್ಲಿ ಮುಗಿಸಿದರೋ, 50 ಆಕೆಗೇ ಉಳಿಯುತ್ತದೆ. ಯಾರೂ ವಾಪಸು ಕೇಳುವುದಿಲ್ಲ. ಇನ್ನೊಂದು ಚೋದ್ಯ: ಆದಾಯ 500 ಇದ್ದವಳ ಪಾಲು 150, ಭತ್ಯೆ 200. ಅಂದರೆ ಬಾಡಿಗೆ ಸೊನ್ನೆ, ಮೇಲೆ ಸರ್ಕಾರವೇ ಆಕೆಗೆ 50 ಕೊಡಬೇಕು. ಮನೆಯಲ್ಲಿ ವಾಸವಿದ್ದದ್ದಕ್ಕೆ ತಿರುಗಿ ದುಡ್ಡು! ಈ ಸಂಗತಿಯನ್ನು ಊರಿಗೆ ಬಂದು ಪಾರ್ಕಿನ ಬೆಂಚಿನಲ್ಲಿ ಹೇಳಿದಾಗ, ಜೀವನವಿಡೀ ಓನರ್‌ಗೆ ಹೆದರಿ ಬದುಕಿದ ನಿವೃತ್ತ ಮೇಷ್ಟ್ರೊಬ್ಬರು ಬಹಳ ಹೊತ್ತು ಮಾತಾಡಲಿಲ್ಲ.

ಈ ನೂರಕ್ಕೆ 30 ಎಲ್ಲಿಂದ ಬಂತು? ತಿಂಗಳ ಬಾಡಿಗೆಗೆ ಒಂದು ವಾರದ ಕೂಲಿ ಎಂಬ ಹಳೆಯ ಮಾತು ಆ ದೇಶದಲ್ಲಿತ್ತು. ಸರ್ಕಾರಿ ವಸತಿಗಳಲ್ಲಿ ರಿಪೇರಿ ಖರ್ಚು ಏರಿದಂತೆ ಬಾಡಿಗೆಯೂ ಏರುತ್ತ ಹೋಗಿ, ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆಗೇ ಸುರಿಯುವ ಕುಟುಂಬಗಳು ಕಾಣಿಸಿಕೊಂಡವು. 1969ರಲ್ಲಿ ಸೇಂಟ್ ಲೂಯಿಸ್ ನಗರದ ಸರ್ಕಾರಿ ವಸತಿಯವರು ಬಾಡಿಗೆ ಕೊಡುವುದಿಲ್ಲವೆಂದು ಸುಮಾರು ಒಂಬತ್ತು ತಿಂಗಳು ಮುಷ್ಕರ ಹೂಡಿದರು. ಅದೇ ವರ್ಷ ಎಡ್ವರ್ಡ್ ಬ್ರೂಕ್ ಎಂಬ ಸೆನೆಟರ್ ತಂದ ತಿದ್ದುಪಡಿ ಬಾಡಿಗೆಗೆ ಆದಾಯದ ನೂರಕ್ಕೆ 25ರ ಮಿತಿ ಹಾಕಿತು. ಬ್ರೂಕ್ ಇದೇ ಮ್ಯಾಸಚೂಸೆಟ್ಸಿನವರು. ಜನರ ನೇರ ಮತದಿಂದ ಸೆನೆಟ್ಟಿಗೆ ಆರಿಸಿಬಂದ ಮೊದಲ ಕರಿಯ ಅಮೆರಿಕನ್, ಅದೂ ರಿಪಬ್ಲಿಕನ್ ಪಕ್ಷದಿಂದ. ರೇಗನ್ ಅಧಿಕಾರಕ್ಕೆ ಬಂದ 1981ರಲ್ಲಿ 25 ಹೋಗಿ 30 ಆಯಿತು. ಬಡವರ ಪಾಲಿಗೆ ಇದೊಂದು ಅಂಕಿ ಮಾತ್ರ ತಪ್ಪದೆ, ತಡವಾಗದೆ ಪರಿಷ್ಕರಣೆಯಾಯಿತು ಎಂದು ನನ್ನ ಟಿಪ್ಪಣಿ.

ಸರಿ, ಭತ್ಯೆಯ 200 ಡಾಲರನ್ನು ಯಾರು, ಯಾವ ಅಳತೆಯಲ್ಲಿ ಗೊತ್ತುಮಾಡುತ್ತಾರೆ? ನಿಮ್ಮ ಬಿಲ್ಲು ನೋಡಿಯಲ್ಲ. ನಿಯಮ ಹೇಳುವುದು ಹೀಗೆ: ಅದೇ ಊರಿನಲ್ಲಿ, ಅಂಥದೇ ಅಳತೆಯ, ಅಂಥದೇ ಬಗೆಯ ಮನೆಯಲ್ಲಿ, ಶಕ್ತಿಯನ್ನು ಮಿತವಾಗಿ ಬಳಸುವ ಒಂದು ಕುಟುಂಬಕ್ಕೆ ಸಾಮಾನ್ಯವಾಗಿ ಎಷ್ಟು ಖರ್ಚಾಗುತ್ತದೋ ಅಷ್ಟು. ಈ ಮಿತವ್ಯಯದ ಸಂಸಾರವನ್ನು ಯಾರೂ ಕಂಡವರಿಲ್ಲ. ಅದು ಇರುವುದು ಪಟ್ಟಿಯ ಒಳಗೆ.

ನಾನಂತೂ ಆ ಸಂಸಾರವನ್ನು ಕಲ್ಪಿಸಿಕೊಳ್ಳುತ್ತ ಒಂದು ರಾತ್ರಿ ನಿದ್ದೆ ಕೆಟ್ಟೆ. ಅಲ್ಲಿನ ಯಜಮಾನಿ ಪಾತ್ರೆಗೆ ಮುಚ್ಚಳ ಹಾಕಿಯೇ ಬೇಳೆ ಬೇಯಿಸುತ್ತಾಳೆ. ಯಜಮಾನ ಕೋಣೆಯಿಂದ ಹೊರಬಿದ್ದರೆ ಮೊದಲು ಸ್ವಿಚ್ ಆರಿಸಿ ಆಮೇಲೆ ಬಾಗಿಲು ಹುಡುಕುತ್ತಾನೆ. ಮಕ್ಕಳು ಫ್ರಿಜ್ ತೆರೆದು ಅದರ ಮುಂದೆ ನಿಂತು ಬದುಕಿನ ಬಗ್ಗೆ ಯೋಚಿಸುವುದಿಲ್ಲ. ಹದಿಹರೆಯದ ಮಗ ಐದು ನಿಮಿಷದಲ್ಲಿ ಸ್ನಾನ ಮುಗಿಸುತ್ತಾನೆ, ಇದನ್ನು ನಂಬುವುದಕ್ಕೆ ಹದಿಹರೆಯದ ಮಗ ಇಲ್ಲದವರೇ ಆಗಬೇಕು. ಯಾರಿಗೂ ಶೀತವಾಗುವುದಿಲ್ಲ. ಬಾಣಂತಿ ಇಲ್ಲ, ಹಾಸಿಗೆ ಹಿಡಿದ ಮುದುಕರಿಲ್ಲ. ಭಾರತದಿಂದ ಸೋದರಮಾವ ಬಂದು ಬೆಳಿಗ್ಗೆ ಎರಡು ಬಕೆಟ್ ಸುಡುನೀರು ಸುರಿದುಕೊಂಡು, ಆಮೇಲೆ 'ಹೀಟರ್ ಸ್ವಲ್ಪ ಜಾಸ್ತಿ ಮಾಡಮ್ಮ' ಎನ್ನುವುದಿಲ್ಲ. ನಮ್ಮ ಅಪ್ಪನನ್ನು ಮಾತ್ರ ಆ ಪಟ್ಟಿಗೆ ಮಾದರಿಯಾಗಿ ಕೊಡಬಹುದಿತ್ತು. ಸಂಜೆ ಏಳರವರೆಗೆ ದೀಪ ಹಾಕಗೊಡದೆ, 'ಕಣ್ಣು ಕಾಣೋವರೆಗೂ ಓದಿ, ಆಮೇಲೆ ಮಗ್ಗಿ ಹೇಳಿ' ಎನ್ನುತ್ತಿದ್ದ ಮನುಷ್ಯ. ಮಗ್ಗಿಗೆ ದೀಪ ಬೇಡವಲ್ಲ.

ತಮಾಷೆ ಬದಿಗಿರಲಿ. ಪಟ್ಟಿಯ ಸಂಸಾರ ಎಷ್ಟು ಮಿತವ್ಯಯಿಯಾದರೂ ಅವರಿರುವ ಮನೆ ಮಿತವ್ಯಯಿಯಲ್ಲ. ನ್ಯೂ ಇಂಗ್ಲೆಂಡಿನ ಪಟ್ಟಣಗಳಲ್ಲಿ ಮರದ ಮೂರಂತಸ್ತಿನ ಹಳೆಯ ಮನೆಗಳು ಸಾಲುಸಾಲಾಗಿ ನಿಂತಿವೆ, ಒಂದೊಂದು ಅಂತಸ್ತಿಗೆ ಒಂದೊಂದು ಬಿಡಾರ. ಅಂಥ ಒಂದು ಮನೆಯ ಕಿಟಕಿಯ ಬಳಿ ಕೂತಿದ್ದೆ. ಕಿಟಕಿ ಭದ್ರವಾಗಿ ಮುಚ್ಚಿತ್ತು. ಆದರೂ ಪರದೆಯ ಅಂಚು ಸಣ್ಣಗೆ ಅಲ್ಲಾಡುತ್ತಿತ್ತು. ಕೈಯೊಡ್ಡಿದರೆ ಚೌಕಟ್ಟಿನ ಸಂದಿಯಿಂದ ದಾರದಷ್ಟು ತೆಳ್ಳಗೆ ತಣ್ಣನೆಯ ಗಾಳಿ. ಚಳಿಗಾಲಕ್ಕೆ ಮುಂಚೆ ಬಾಡಿಗೆದಾರರು ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಿ ಅದನ್ನು ಬಿಗಿ ಮಾಡುತ್ತಾರೆ. ಕಿಟಕಿ ಬದಲಿಸುವ ಅಧಿಕಾರ ಓನರ್‌ದು, ಬಾಯ್ಲರ್ ಬದಲಿಸುವ ಅಧಿಕಾರವೂ ಅವನದೇ. ಬಿಲ್ಲು ಕಟ್ಟುವ ಜವಾಬ್ದಾರಿ ಬಾಡಿಗೆದಾರನದು. ಬಿಲ್ಲು ತನ್ನದಲ್ಲದ ಮೇಲೆ ಓನರ್ ಯಾಕೆ ಕಿಟಕಿ ಬದಲಿಸಿಯಾನು? ಬೆಂಗಳೂರಿನಲ್ಲೂ ಬದಲಿಸುವುದಿಲ್ಲ, ಬಾಸ್ಟನ್ನಿನಲ್ಲೂ ಇಲ್ಲ. ಈ ವಿಷಯದಲ್ಲಿ ಪ್ರಪಂಚದ ಓನರುಗಳೆಲ್ಲ ಒಂದೇ ಗೋತ್ರದವರು.

ಮ್ಯಾಸಚೂಸೆಟ್ಸಿನ ಆರೋಗ್ಯ ನಿಯಮದ ಪ್ರಕಾರ ಚಳಿಗಾಲದಲ್ಲಿ ಬಾಡಿಗೆ ಮನೆ ಹಗಲು 68 ಡಿಗ್ರಿ, ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್ ಆದರೂ ಬಿಸಿಯಿರಬೇಕು. 68 ಎಂದರೆ ನಮ್ಮ 20 ಡಿಗ್ರಿ. ಬೆಂಗಳೂರಿನಲ್ಲಿ 20ಕ್ಕಿಳಿದರೆ ನಾವು ಮಂಕಿ ಟೋಪಿ ಹುಡುಕುತ್ತೇವೆ. ಅಲ್ಲಿ ಹೊರಗೆ ಮೈನಸ್ ಹತ್ತಿರುವಾಗ ಒಳಗೆ ಆ 20ನ್ನು ಕಾಪಾಡಿಕೊಳ್ಳಲು ಸಂಬಳ ಸುಡಬೇಕು. ಎಷ್ಟು ಸುಡಬೇಕೆಂದು ಅಳೆಯಲು ಅವರಲ್ಲಿ ಒಂದು ಸೊಗಸಾದ ಲೆಕ್ಕವಿದೆ. ದಿನದ ಸರಾಸರಿ ಉಷ್ಣತೆ ಫ್ಯಾರನ್‌ಹೀಟ್‌ನಲ್ಲಿ 65ಕ್ಕಿಂತ ಎಷ್ಟು ಡಿಗ್ರಿ ಕೆಳಗಿದೆಯೋ ಅಷ್ಟನ್ನು ಬರೆದಿಡುವುದು, ವರ್ಷವಿಡೀ ಕೂಡುವುದು. ಸರಾಸರಿ 25 ಇದ್ದ ದಿನಕ್ಕೆ 40 ಅಂಕ. ಬಾಸ್ಟನ್ನಿನಲ್ಲಿ ಹೀಗೆ ವರ್ಷಕ್ಕೆ 5,600ರ ಸುಮಾರು ಅಂಕ ಕೂಡುತ್ತದೆ. ಬೆಂಗಳೂರಿನ ಲೆಕ್ಕ ಹಾಕಹೋದರೆ ಸೊನ್ನೆಯ ಅಕ್ಕಪಕ್ಕ ನಿಂತುಬಿಡುತ್ತದೆ. ಎಂಥ ಊರನ್ನು ಪುಕ್ಕಟೆ ಪಡೆದಿದ್ದೇವೆ ಎಂದು ನನಗೆ ಗೊತ್ತಾದದ್ದು ಆ ಕೋಷ್ಟಕದಿಂದ, ಕವಿಗಳಿಂದಲ್ಲ.

ಈಗ ಪರಿಷ್ಕರಣೆಯ ವಿಷಯ, ಅಂದರೆ ನನ್ನ ಸ್ವಂತ ಕ್ಷೇತ್ರ. ಹೌಸಿಂಗ್ ಅಥಾರಿಟಿ ಪ್ರತಿವರ್ಷ ಪಟ್ಟಿಯನ್ನು ಪರಿಶೀಲಿಸಬೇಕು. ಕರೆಂಟೋ ಗ್ಯಾಸೋ ನೀರೋ, ಯಾವುದರ ದರವಾದರೂ ಕಳೆದ ಪರಿಷ್ಕರಣೆಯಿಂದೀಚೆಗೆ ನೂರಕ್ಕೆ 10 ಅಥವಾ ಹೆಚ್ಚು ಬದಲಾಗಿದ್ದರೆ ಆ ಬಾಬ್ತಿನ ಭತ್ಯೆ ತಿದ್ದಲೇಬೇಕು. ಒಂಬತ್ತೂವರೆ ಏರಿದ್ದರೆ ತಿದ್ದುವ ಕಟ್ಟಳೆಯಿಲ್ಲ. ಇಳಿದಿದ್ದರೂ ಅಷ್ಟೇ, ಭತ್ಯೆಯೂ ಇಳಿಯುತ್ತದೆ.

'ಅರಿಯರ್ಸ್ ಉಂಟೇನಮ್ಮ?' ಎಂದೆ.

'ಅದೆಲ್ಲ ಇಲ್ಲ ಮಾಮ. ಹೊಸ ಪಟ್ಟಿ ಬಂದ ದಿನವೇ ಎಲ್ಲರಿಗೂ ಸಿಗಲ್ಲ. ಒಂದೊಂದು ಕುಟುಂಬದ ಕಡತ ವರ್ಷಕ್ಕೊಮ್ಮೆ ಮರುಪರಿಶೀಲನೆಗೆ ಬರುತ್ತೆ. ಆವಾಗ ಹೊಸ ದರ ಹಾಕ್ತೀವಿ.'

ನಾನು ಲೋಟ ಕೆಳಗಿಟ್ಟೆ. ಏರಿದ ದರ ಬಿಲ್ಲಿಗೆ ಬರುವುದು ಅದೇ ತಿಂಗಳು. ಪಟ್ಟಿಗೆ ಬರುವುದು ವರ್ಷಾಂತ್ಯಕ್ಕೆ. ಪಟ್ಟಿಯಿಂದ ಮನೆಗೆ ಬರುವುದು ಆ ಮನೆಯ ಕಡತದ ಸರದಿ ಬಂದಾಗ. ಮ್ಯಾಸಚೂಸೆಟ್ಸಿನಲ್ಲಿ ವಿದ್ಯುತ್ತಿನ ದರ ವರ್ಷಕ್ಕೆ ಎರಡು ಸಲವಾದರೂ ಬದಲಾಗುತ್ತದೆ. ನಮಗೆ ತುಟ್ಟಿಭತ್ಯೆಯ ಆದೇಶ ತಡವಾದರೂ ಹಿಂದಿನ ದಿನಾಂಕದಿಂದ ಜಾರಿ. ತಡವಾದಷ್ಟೂ ಗಂಟು ದಪ್ಪ ಎಂದು ಸಮಾಧಾನಪಡಬಹುದು. ಅಲ್ಲಿನ ಬಡವನಿಗೆ ಆ ಸಮಾಧಾನವಿಲ್ಲ. ನಮ್ಮ ನೌಕರರ ಸಂಘದ ಇಬ್ಬರು ಪದಾಧಿಕಾರಿಗಳನ್ನು ಆ ದೇಶಕ್ಕೆ ಕಳಿಸಿಕೊಟ್ಟರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದೆ.

2022 ಇದಕ್ಕೆಲ್ಲ ಕನ್ನಡಿ ಹಿಡಿದ ವರ್ಷ. ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಯಿತು. ಒಂದು ವರ್ಷ ಹಿಂದೆ ಗ್ಯಾಲನ್ನಿಗೆ ಎರಡೂವರೆ ಡಾಲರಿನ ಆಸುಪಾಸಿನಲ್ಲಿದ್ದ ಮನೆ ಬಿಸಿಯೆಣ್ಣೆ ಮೇ ಹೊತ್ತಿಗೆ ಮ್ಯಾಸಚೂಸೆಟ್ಸಿನಲ್ಲಿ 5 ಡಾಲರ್ ದಾಟಿತು. ಪಟ್ಟಿಯಲ್ಲಿ ಕೂತಿದ್ದದ್ದು ಹಳೆಯ ದರ. ಎಣ್ಣೆಯ ಕಷ್ಟ ಬೇರೆಯೇ. ಆ ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮನೆ ಎಣ್ಣೆಯಿಂದಲೇ ಬಿಸಿಯಾಗುತ್ತದೆ. ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ 275 ಗ್ಯಾಲನ್ನಿನ ಕಬ್ಬಿಣದ ಟ್ಯಾಂಕು; ಲಾರಿ ಬಂದು ಕೊಳವೆಯಲ್ಲಿ ತುಂಬಿ ಹೋಗುತ್ತದೆ. ಗ್ಯಾಸು ಕರೆಂಟು ಬಳಸಿದ ಮೇಲೆ ಬಿಲ್ಲು. ಎಣ್ಣೆಗೆ ಹಾಗಲ್ಲ, ದುಡ್ಡು ಮೊದಲು. ಅದೂ 100 ಗ್ಯಾಲನ್‌ಗಿಂತ ಕಡಿಮೆಗೆ ಲಾರಿ ತಿರುಗಿಸಲು ಎಷ್ಟೋ ವ್ಯಾಪಾರಿಗಳು ಒಪ್ಪುವುದಿಲ್ಲ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ, ಕೈಯಲ್ಲಿ ಕಾಸಿಲ್ಲದ ಮನೆಯ ಬಿಸಿಗೆ ಬೇಕಾದ ಗ್ಯಾಸು ಕರೆಂಟನ್ನು ಕಂಪನಿಗಳು ಕಡಿಯುವಂತಿಲ್ಲ ಎಂಬ ರಕ್ಷಣೆ ಆ ರಾಜ್ಯದಲ್ಲಿದೆ. ಖಾಲಿ ಟ್ಯಾಂಕಿಗೆ ಅಂಥ ರಕ್ಷಣೆಯಿಲ್ಲ. ಕಡಿಯುವುದಕ್ಕೆ ಅಲ್ಲಿ ತಂತಿಯೇ ಇಲ್ಲವಲ್ಲ.

ಅಕ್ಕನ ಮಗಳ ಊಟದ ವಿರಾಮಕ್ಕೆ ಕಾಯುತ್ತ ಅವಳ ಕಚೇರಿಯ ಹೊರಕೋಣೆಯಲ್ಲಿ ಕೂತಿದ್ದಾಗ ಒಬ್ಬ ಮುದುಕರು ಬಂದರು. ದಪ್ಪ ಕೋಟು, ಕೈಗೆ ಬೇರೆ ಬೇರೆ ಬಣ್ಣದ ಎರಡು ಕೈಗವಸು. ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಕೌಂಟರಿನ ಮೇಲೆ ಅಂಗೈಯಿಂದ ಸವರಿ ಸವರಿ ನೆಟ್ಟಗೆ ಮಾಡಿದರು. ಎಣ್ಣೆ ಲಾರಿಯವನು ಕೊಟ್ಟ ರಸೀದಿ. ಅದರ ಪಕ್ಕದಲ್ಲಿ ಅಷ್ಟೇ ಜೋಪಾನವಾಗಿ ಭತ್ಯೆಯ ಮೊತ್ತವಿದ್ದ ಕಾಗದ. ಒಂದರ ಕೆಳಗೊಂದು ಬೆರಳಿಟ್ಟು ತೋರಿಸಿದರು, ಬೈಯಲಿಲ್ಲ. ಕೌಂಟರಿನ ಹುಡುಗಿ ಸಮಾಧಾನದಿಂದಲೇ ಅವರ ಕಡತದ ತಿಂಗಳು ಯಾವುದೆಂದು ನೋಡಿ ಹೇಳಿ, ಕೇಂದ್ರದ ಇಂಧನ ಸಹಾಯದ ಅರ್ಜಿಯೊಂದನ್ನು ಕೈಗಿಟ್ಟಳು. 1981ರಿಂದ ಇರುವ ಯೋಜನೆ ಅದು. ಬಡವರ ಬಿಸಿಯ ಬಿಲ್ಲಿಗೆ ಒಂದಿಷ್ಟು ಆಸರೆ. ಮುದುಕರು ಎರಡೂ ಚೀಟಿಗಳನ್ನು ಮತ್ತೆ ನಾಲ್ಕು ಮಡಿಕೆ ಮಾಡಿಕೊಂಡು ಹೊರಟರು. ಇಂಥ ಚೀಟಿಗಳನ್ನು ನನ್ನ ಕೌಂಟರಿನ ಮೇಲೂ ಬೇಕಾದಷ್ಟು ಜನ ಸವರಿದ್ದಾರೆ. ಚಳಿ ಮಾತ್ರ ಇರಲಿಲ್ಲ.

ಬೈಯುವವರೂ ಇದ್ದಾರೆ, ಬೈದು ಗೆದ್ದವರೂ ಇದ್ದಾರೆ. ವರ್ಜೀನಿಯಾ ರಾಜ್ಯದ ರೋಅನೋಕ್ ನಗರದ ಸರ್ಕಾರಿ ವಸತಿಯ ಬಾಡಿಗೆದಾರರು, ಕರೆಂಟಿನ ಹೆಸರಿನಲ್ಲಿ ತಮ್ಮಿಂದ ಹೆಚ್ಚು ವಸೂಲು ಮಾಡಿ ಬ್ರೂಕ್ ತಿದ್ದುಪಡಿಯ ಮಿತಿಯನ್ನು ಮೀರಿದ್ದಾರೆ ಎಂದು ಕೋರ್ಟಿಗೆ ಹೋದರು. ಮೊಕದ್ದಮೆ ಏರುತ್ತ ಏರುತ್ತ ಸುಪ್ರೀಂ ಕೋರ್ಟ್ ಮುಟ್ಟಿತು. 1987ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಬಾಡಿಗೆದಾರರ ಪರ ನಿಂತರು. ನ್ಯಾಯವಾದ ಭತ್ಯೆ ಬಾಡಿಗೆಯ ಮಿತಿಯೊಳಗೇ ಸೇರಿದ ಹಕ್ಕು, ಅದು ಸಿಗದಿದ್ದರೆ ಬಾಡಿಗೆದಾರ ದಾವೆ ಹೂಡಬಹುದು ಎಂದು ತೀರ್ಪಾಯಿತು. ಕರೆಂಟ್ ಬಿಲ್ಲಿನ ತಕರಾರು ದೇಶದ ಅತ್ಯುನ್ನತ ಪೀಠದವರೆಗೆ ಹೋಗಿ ಗೆದ್ದು ಬಂದದ್ದನ್ನು ಓದಿ ನನ್ನೊಳಗಿನ ರೆವಿನ್ಯೂ ಶಾಖೆ ನಡುಗಿತು. ನಮ್ಮ ಕಾಲದಲ್ಲಿ ತಕರಾರು ಅರ್ಜಿ ಎಂದರೆ ಮೀಟರ್ ಟೆಸ್ಟಿಂಗ್ ಫೀ ಕಟ್ಟಿಸಿಕೊಂಡು ಮರೆಯುವ ವಸ್ತು.

ಚಳಿಯ ಬಗ್ಗೆ ಇಷ್ಟು ಮುತುವರ್ಜಿ ಇರುವ ನಿಯಮಗಳು ಸೆಖೆಯ ಬಗ್ಗೆ ಬಲು ಬಿಗಿ. ಸರ್ಕಾರವೇ ನಡೆಸುವ ವಸತಿಗಳಲ್ಲಿ ಎಸಿ ಹಾಕುವುದು ಬಿಡುವುದು ಬಾಡಿಗೆದಾರನ ಇಷ್ಟಕ್ಕೆ ಬಿಟ್ಟದ್ದಾದರೆ ಅದರ ಖರ್ಚನ್ನು ಭತ್ಯೆಯಲ್ಲಿ ಸೇರಿಸುವಂತಿಲ್ಲ. ಈ ನಿಯಮ ಬರೆದವರು ತಣ್ಣನೆಯ ಊರಿನವರಿರಬೇಕು ಎಂದು ನನ್ನ ಗುಮಾನಿ. ರಾಯಚೂರಿನ ಏಪ್ರಿಲ್ ಕಂಡಿದ್ದರೆ ಬರೆಯುತ್ತಿರಲಿಲ್ಲ. ವೋಚರಿನ ಪಟ್ಟಿಯಲ್ಲಿ ಎಸಿಗೆ ಜಾಗವುಂಟು, ಆ ಊರಿನ ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಅನುಕೂಲವಿದ್ದರೆ. ಇನ್ನೊಂದು ನಿಯಮವನ್ನು ಮಾತ್ರ ಮೆಚ್ಚಬೇಕು. ಮನೆಯಲ್ಲಿ ಅಂಗವೈಕಲ್ಯವಿರುವವರು ಇದ್ದು, ಹಗಲೂ ರಾತ್ರಿ ಓಡುವ ಆಕ್ಸಿಜನ್ ಯಂತ್ರದಂಥದು ಬೇಕಾಗಿದ್ದರೆ, ಪಟ್ಟಿಗಿಂತ ಹೆಚ್ಚಿನ ಭತ್ಯೆ ಕೇಳಿ ಪಡೆಯಬಹುದು. ಕೇಳಿದವರಿಗೆ ಮಾತ್ರ. ಹಕ್ಕುಗಳನ್ನು ನಿಯಮಾವಳಿಯ ಒಳಪುಟದಲ್ಲಿ ಮಲಗಿಸಿಡುವ ಕಲೆ ನಮ್ಮೊಬ್ಬರ ಸ್ವತ್ತಲ್ಲವೆಂದು ತಿಳಿದು ಸ್ವಲ್ಪ ಹಗುರಾಯಿತು.

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗಳು, 'ನಮ್ಮೂರಲ್ಲಿ ಗೃಹಜ್ಯೋತಿ ಬಂದಿದೆಯಲ್ಲ ಮಾಮ, ಅದರ ಲೆಕ್ಕ ಹೇಗೆ?' ಎಂದಳು. ಕೇಳಬಾರದಿತ್ತು. ಆ ರಾತ್ರಿ ಅವಳು ಹನ್ನೊಂದಕ್ಕೆ ಮಲಗಿದಳು.

2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಗೃಹಜ್ಯೋತಿಗೆ ಕಲ್ಪನೆಯ ಸಂಸಾರ ಬೇಕಿಲ್ಲ. ನಿಮ್ಮ ಮನೆಯೇ ನಿಮಗೆ ಅಳತೆಗೋಲು. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿದ್ದೀರೋ ಅದರ ಮೇಲೆ ನೂರಕ್ಕೆ 10 ಸೇರಿಸಿ, 200ರ ಒಳಗೆ, ಉಚಿತ. ನಿಮ್ಮ ಪಾಲು ಮೀರಿ 200ರೊಳಗೆ ನಿಂತರೆ ಹೆಚ್ಚಿನದಕ್ಕೆ ಮಾತ್ರ ಬಿಲ್ಲು. 200 ದಾಟಿದರೆ ಪೂರ್ತಿ ಬಿಲ್ಲು. ಅಲ್ಲಿ ದರ ನೂರಕ್ಕೆ 10 ಏರಿದರೆ ಪಟ್ಟಿ ತಿದ್ದುತ್ತಾರೆ, ಇಲ್ಲಿ ಬಳಕೆಗೆ ನೂರಕ್ಕೆ 10 ಸೇರಿಸುತ್ತಾರೆ. ಎರಡೂ ಸರ್ಕಾರಗಳಿಗೆ ಹತ್ತರ ಮೇಲೆ ಅದೇನು ಪ್ರೀತಿಯೋ. ಆದರೆ ಪರಿಣಾಮ ನೋಡಿ. ಆ ವರ್ಷ ಅಪ್ಪನ ಮಾತು ಕೇಳಿ ದೀಪ ಆರಿಸಿದವರಿಗೆ 50 ಯೂನಿಟ್ ಚಿಲ್ಲರೆ, ಗೀಸರ್ ಆರಿಸಲು ಮರೆತು ಆಫೀಸಿಗೆ ಓಡಿದವರಿಗೆ 190. ಬಹಳ ಕಡಿಮೆ ಬಳಸುವವರಿಗೆ ಈ ನೂರಕ್ಕೆ 10 ಎಂಬುದು ನಾಲ್ಕೈದು ಯೂನಿಟ್ಟೂ ಆಗುವುದಿಲ್ಲ ಎಂದು ಸರ್ಕಾರಕ್ಕೇ ಹೊಳೆದು, 2024ರ ಜನವರಿಯಲ್ಲಿ ಸರಾಸರಿ 48 ಯೂನಿಟ್ ಒಳಗಿನವರಿಗೆ ನೇರವಾಗಿ 10 ಯೂನಿಟ್ ಸೇರಿಸಲು ತೀರ್ಮಾನವಾಯಿತು. ಅದು ಸರಿಯಾದ ತಿದ್ದುಪಡಿ, ಒಪ್ಪಬೇಕಾದ್ದು.

ಬಾಡಿಗೆದಾರರ ಪಾಡು ಇಲ್ಲೂ ಕಡತದ ಅಂಚಿನಲ್ಲೇ. ಹಿಂದಿನ ಬಳಕೆಯ ಲೆಕ್ಕವಿಲ್ಲದವರಿಗೆ ರಾಜ್ಯದ ಸರಾಸರಿ 53 ಯೂನಿಟ್, ಮೇಲೆ ನೂರಕ್ಕೆ 10, ಒಟ್ಟು 58. ಮೂರು ಮನೆ ಕಟ್ಟಿಸಿ ಒಂದೇ ಆರ್.ಆರ್. ನಂಬರ್ ಇಟ್ಟುಕೊಂಡ ಓನರ್ ಇದ್ದರೆ ಮೂರೂ ಮನೆಯ ಬಳಕೆ ಒಟ್ಟಾಗಿ 200 ದಾಟಿ, ಯಾರಿಗೂ ಶೂನ್ಯ ಬಿಲ್ ಇಲ್ಲ. ಸಬ್ ಮೀಟರ್ ನೋಡಿ ಓನರ್ ಹೇಳಿದ ದರಕ್ಕೆ ದುಡ್ಡು ಎಣಿಸಬೇಕು. ಮನೆ ಬದಲಿಸಿದಾಗ ಹಳೆಯ ಮನೆಯ ನಂಬರಿಗೆ ಅಂಟಿಕೊಂಡ ಆಧಾರ್ ಬಿಡಿಸಿಕೊಳ್ಳುವ ದಾರಿ ಯೋಜನೆ ಶುರುವಾದಾಗ ಇರಲಿಲ್ಲ. 2024ರಲ್ಲಿ ಡಿ-ಲಿಂಕ್ ಎಂಬ ಸೌಲಭ್ಯ ಬಂತು.

ನನ್ನನ್ನು ಕೇಳಿದರೆ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಅಮೆರಿಕದ ಪಟ್ಟಿಯಲ್ಲಿ ಒಂದು ದೊಡ್ಡ ಗುಣವಿದೆ, ಉಳಿಸಿದವನಿಗೆ ಉಳಿಕೆ. ನಮ್ಮದರಲ್ಲಿ ಅದಿಲ್ಲ. ನಮ್ಮದರಲ್ಲಿ ಬೇರೊಂದು ಗುಣವಿದೆ, ಕೊಡುವುದು ದುಡ್ಡಲ್ಲ, ಯೂನಿಟ್ಟು. ದರ ಏರಿದರೆ ಆ ಏರಿಕೆ ಸರ್ಕಾರದ ತಲೆಗೆ. ಆ ಮುದುಕರ ಎಣ್ಣೆಯ ಭತ್ಯೆಯನ್ನೂ ಡಾಲರಿನಲ್ಲಿ ಬರೆಯದೆ ಗ್ಯಾಲನ್ನಿನಲ್ಲಿ ಬರೆದಿದ್ದರೆ ಅವರು ಚೀಟಿ ಹಿಡಿದು ಬರಬೇಕಿರಲಿಲ್ಲ. ಅದಾಗದಿದ್ದರೆ ಹೋಗಲಿ, ಅರಿಯರ್ಸಾದರೂ ಕೊಡಲಿ.

ಅಕ್ಕನ ಮಗಳಿಗೆ ಇದನ್ನು ಹೇಳಿದೆ. 'ಬರೆದು ಕೊಡಿ ಮಾಮ' ಎಂದು ನಕ್ಕಳು. ಸರ್ಕಾರಿ ವಸತಿಗಳಲ್ಲಿ ಭತ್ಯೆ ಬದಲಿಸುವುದಾದರೆ ಬಾಡಿಗೆದಾರರಿಗೆ 60 ದಿನ ಮುಂಚೆ ನೋಟಿಸು ಕೊಟ್ಟು, ಲಿಖಿತ ಅಭಿಪ್ರಾಯ ಹೇಳಲು ಸಮಯ ಬಿಡಬೇಕು. ಆ ಅಭಿಪ್ರಾಯ ಬರೆಯುವವರು ಬಹಳ ಕಡಿಮೆಯಂತೆ.

ಹಾಗಾಗಿ ಓದುಗರಲ್ಲಿ ಎರಡು ಮಾತು. ನಿಮ್ಮ ಬಂಧುಗಳಲ್ಲಿ ಯಾರಾದರೂ ಅಮೆರಿಕದಲ್ಲಿ ವಯಸ್ಸಾದವರ ಸಬ್ಸಿಡಿ ಮನೆಗಳಲ್ಲಿದ್ದು ಬಿಲ್ಲು ತಾವೇ ಕಟ್ಟುತ್ತಿದ್ದರೆ, ಕಚೇರಿಗೆ ಹೋಗಿ ಭತ್ಯೆಯ ಪಟ್ಟಿ ಕೇಳಲಿ, ಅದರ ಮೇಲಿನ ದಿನಾಂಕ ನೋಡಲಿ, ಮನೆಯಲ್ಲಿ ಆಕ್ಸಿಜನ್ ಯಂತ್ರವಿದ್ದರೆ ಆ ಮಾತನ್ನು ಬಾಯಿಬಿಟ್ಟು ಹೇಳಲಿ. ಇಲ್ಲೇ ಬಾಡಿಗೆ ಮನೆಯಲ್ಲಿರುವವರು, ಮನೆ ಖಾಲಿ ಮಾಡಿ ಲಾರಿ ಹತ್ತುವ ಮುಂಚೆ ಗೃಹಜ್ಯೋತಿಯ ಡಿ-ಲಿಂಕ್ ಮಾಡಿಸಿಕೊಳ್ಳಿ. ಹೇಗೆ ಮಾಡಿಸುವುದೆಂದು ನನ್ನ ಮನೆ ಬಾಗಿಲು ತಟ್ಟಬೇಡಿ. ಸೇವಾಸಿಂಧುವಿನಲ್ಲಿ ಎಲ್ಲ ಇದೆ.